ಮತೇರಾವೋ ಲೆಚ್ಚೆಯೋ: ದಕ್ಷಿಣ ಇಟಲಿಗೆ ಹೊರಟವರು ಯಾವ ಊರನ್ನು ಆರಿಸಬೇಕು?

ರೋಮ್, ಫ್ಲಾರೆನ್ಸ್, ವೆನಿಸ್ ನೋಡಿ ಮುಗಿಸಿದ ಮೇಲೂ ಎರಡು ಮೂರು ದಿನ ಕೈಯಲ್ಲಿ ಉಳಿದವರು, ಇಲ್ಲವೇ ಎರಡನೆಯ ಸಲ ಇಟಲಿಗೆ ಹೊರಟವರು ಭೂಪಟದ ಕೆಳಭಾಗದತ್ತ ನೋಡತೊಡಗಿದರೆ ಎರಡು ಊರುಗಳ ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಒಂದು ಬಸಿಲಿಕಾತಾ ಪ್ರಾಂತ್ಯದ ಮತೇರಾ, ಇನ್ನೊಂದು ಪೂಲಿಯಾ ಪ್ರಾಂತ್ಯದ ತುದಿಯಲ್ಲಿರುವ ಲೆಚ್ಚೆ. ಎರಡಕ್ಕೂ ಬಾರಿ ಎಂಬ ಬಂದರು ನಗರದ ಮೂಲಕವೇ ಹೋಗುವುದು ರೂಢಿ. ಎರಡನ್ನೂ ನೋಡಲು ಸಮಯ ಸಾಲದು ಎಂದಾದಾಗ ಯಾವುದನ್ನು ಬಿಡುವುದು ಎಂಬುದು ಪ್ರಶ್ನೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ರಾತ್ರಿಯಾದರೂ ಅಲ್ಲೇ ಉಳಿಯಲು ಸಾಧ್ಯವಿದ್ದರೆ ಮತೇರಾಕ್ಕೆ ಹೋಗಿ. ಬೆಳಗ್ಗೆ ಹೋಗಿ ಸಂಜೆಗೆ ಮರಳುವ ಲೆಕ್ಕಾಚಾರವಿದ್ದರೆ ಮತೇರಾವನ್ನು ಈ ಸಲಕ್ಕೆ ಬಿಟ್ಟು ಲೆಚ್ಚೆಗೆ ಹೋಗಿ. ವಯಸ್ಸಾದ ತಂದೆತಾಯಿ ಜೊತೆಗಿದ್ದರೂ ಲೆಚ್ಚೆಯೇ ಸರಿ. ಹೀಗೆ ಹೇಳುವುದಕ್ಕೆ ಕಾರಣಗಳಿವೆ. ಆ ಕಾರಣಗಳು ನಿಮಗೆ ಒಪ್ಪಿಗೆಯಾಗದಿದ್ದರೆ ನಿಮ್ಮ ಆಯ್ಕೆ ಬೇರೆಯಾಗಬಹುದು, ಆಗಲಿ.

ಬಂಡೆಯೊಳಗೆ ಬದುಕಿದ ಊರು

ಗ್ರವಿನಾ ಎಂಬ ಹೊಳೆ ಸುಣ್ಣಕಲ್ಲಿನ ನೆಲವನ್ನು ಕೊರೆದು ಆಳವಾದ ಕಮರಿ ಮಾಡಿದೆ. ಕಮರಿಯ ಒಂದು ಮಗ್ಗುಲಿಗೆ ಸಾಸ್ಸಿ ಎಂದು ಕರೆಯುವ ಹಳೆಯ ಕೇರಿಗಳಿವೆ. ಒಂದು ಕಡೆ ಸಾಸ್ಸೋ ಬರಿಸಾನೋ, ಇನ್ನೊಂದು ಕಡೆ ಸಾಸ್ಸೋ ಕಾವೆಯೋಸೋ, ನಡುವಿನ ದಿಬ್ಬದ ಮೇಲೆ ಚಿವಿತಾ, ಅದರ ನೆತ್ತಿಯಲ್ಲಿ 13ನೆಯ ಶತಮಾನದ ಕೆಥೆಡ್ರಲ್. ಇಲ್ಲಿನ ಮನೆಗಳ ಮುಂಭಾಗ ಕಟ್ಟಿದ್ದು, ಹಿಂಭಾಗ ಬಂಡೆಯಲ್ಲಿ ಕೊರೆದದ್ದು. ಒಬ್ಬರ ಮನೆಯ ಮಾಡು ಮೇಲಿನ ಸಾಲಿನವರಿಗೆ ಓಣಿ. ಮೇಲಿಂದ ನೋಡಿದರೆ ಊರು ಎಲ್ಲಿ ಮುಗಿದು ಬೆಟ್ಟ ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗದು.

ಚಿತ್ರಗಳಲ್ಲಿ ಕಾಣುವುದು ಇಷ್ಟು. ಆದರೆ ಮತೇರಾಕ್ಕೆ ಹೋಗುವವರು ತಿಳಿದಿರಬೇಕಾದದ್ದು ಇನ್ನೂ ಇದೆ. 20ನೆಯ ಶತಮಾನದ ನಡುವಿನವರೆಗೂ ಈ ಗುಹೆಗಳಲ್ಲಿ ಬಡ ರೈತರು, ಕೂಲಿಗಳು ಸಂಸಾರ ಮಾಡಿಕೊಂಡಿದ್ದರು. ನೀರಿನ ಸಂಪರ್ಕವಿಲ್ಲ, ಚರಂಡಿಯಿಲ್ಲ. ಮಲೇರಿಯಾ, ಕಣ್ಣಿಗೆ ಬರುವ ಟ್ರಕೋಮಾ ಮನೆಮನೆಯಲ್ಲೂ ಇದ್ದವು, ಹುಟ್ಟಿದ ಮಕ್ಕಳು ಉಳಿಯುವುದೇ ಕಷ್ಟವಾಗಿತ್ತು. ಎರಡನೆಯ ಮಹಾಯುದ್ಧದ ನಂತರ ಈ ಊರು ಇಡೀ ದೇಶಕ್ಕೇ ನಾಚಿಕೆಗೇಡು ಎಂಬ ಮಾತು ರಾಜಕಾರಣದಲ್ಲಿ ಎದ್ದಿತು. 1950ರಲ್ಲಿ ಪ್ರಧಾನಿ ಆಲ್ಚಿದೆ ದೆ ಗಾಸ್ಪೆರಿ ಬಂದು ಕಣ್ಣಾರೆ ನೋಡಿದರು. 1952ರಲ್ಲಿ ಕಾನೂನು ಬಂತು. ಮುಂದಿನ ವರ್ಷಗಳಲ್ಲಿ ಸುಮಾರು 15,000 ಜನರನ್ನು ಲಾ ಮಾರ್ತೆಲ್ಲಾ, ಸ್ಪಿನೆ ಬಿಯಾಂಕೆಯಂಥ ಹೊಸ ಬಡಾವಣೆಗಳಿಗೆ ಸಾಗಿಸಲಾಯಿತು. ತೆರವಾದ ಮನೆಗಳು ಸರಕಾರದ ಸ್ವತ್ತಾಗಿ ದಶಕಗಳ ಕಾಲ ಪಾಳುಬಿದ್ದವು. 1986ರ ಇನ್ನೊಂದು ಕಾನೂನಿನ ನಂತರ ದುರಸ್ತಿ ಕೆಲಸ ಬಿರುಸಾಯಿತು. 1993ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. 2019ರಲ್ಲಿ ಇದೇ ಊರು ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಯಿತು. ಒಬ್ಬ ಮನುಷ್ಯನ ಆಯುಷ್ಯದೊಳಗೆ ನಡೆದ ಬದಲಾವಣೆ ಇದು. ಗುಹೆಯಲ್ಲಿ ಹುಟ್ಟಿ ಅಲ್ಲಿಂದ ಎಬ್ಬಿಸಲ್ಪಟ್ಟ ಮಕ್ಕಳು ಇಂದಿನ ಹಿರಿಯರು.

ಹಾಗಾಗಿ ಮತೇರಾದಲ್ಲಿ ಮೊದಲು ನೋಡಬೇಕಾದದ್ದು ಕೆಥೆಡ್ರಲ್ ಅಲ್ಲ, ಸಾಸ್ಸೋ ಕಾವೆಯೋಸೋದ ವೀಕೋ ಸೊಲಿತಾರಿಯೋ ಓಣಿಯಲ್ಲಿರುವ ಗುಹೆಮನೆ. ಅಂದಿನ ಸಾಮಾನು ಸರಂಜಾಮುಗಳೊಂದಿಗೆ ಅದನ್ನು ಹಾಗೆಯೇ ಇಟ್ಟಿದ್ದಾರೆ. ಒಳಗೆ ಹೊಕ್ಕರೆ ಒಂದೇ ಕೋಣೆ. ಮಂಚ ಸೊಂಟದೆತ್ತರ, ಹಾಸಿಗೆಗೆ ಮೆಕ್ಕೆಜೋಳದ ತೆನೆಯ ಸಿಪ್ಪೆ ತುಂಬಿದೆ. ನೆಲದ ತೇವ ತಾಗದಿರಲಿ, ಕೆಳಗೆ ಕೋಳಿಗಳಿಗೂ ಜಾಗವಾಗಲಿ ಎಂದು ಅಷ್ಟು ಎತ್ತರ. ಬಟ್ಟೆಯ ಪೆಟ್ಟಿಗೆಯ ಕೆಳಗಿನ ಖಾನೆಯನ್ನು ಎಳೆದರೆ ಅದೇ ಮಗುವಿನ ಹಾಸಿಗೆ. ನಡುವೆ ಸಣ್ಣ ಮೇಜು. ಅದರ ಮೇಲಿನ ಒಂದೇ ಅಗಲವಾದ ತಟ್ಟೆಯಲ್ಲಿ ಎಲ್ಲರೂ ಕೈಯಿಟ್ಟು ಉಣ್ಣುತ್ತಿದ್ದರು. ಹಿಂಬದಿಯಲ್ಲಿ ಹೇಸರಗತ್ತೆ ಕಟ್ಟುವ ಜಾಗ. ಪ್ರಾಣಿಯ ಮೈಶಾಖವೇ ಚಳಿಗಾಲದಲ್ಲಿ ಮನೆಗೆ ಬೆಚ್ಚಗೆ. ನೋಡಿ ಮುಗಿಸಲು ಕಾಲು ಗಂಟೆ ಸಾಕು. ಆದರೆ ಇದನ್ನು ನೋಡಿದ ಮೇಲೆ ಹೊರಗಿನ ಒಂದೊಂದು ಬಾಗಿಲೂ ಬೇರೆಯಾಗಿ ಕಾಣುತ್ತದೆ. ಇದನ್ನು ನೋಡದೆ ಚಂದದ ಹಿನ್ನೆಲೆ ಹುಡುಕಿಕೊಂಡು ಫೋಟೊ ತೆಗೆದು ಬರುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಎರಡನೆಯದು ನೀರು. ಊರಿನ ಮುಖ್ಯ ಚೌಕವಾದ ವಿತ್ತೋರಿಯೋ ವೆನೆತೋದ ಅಡಿಯಲ್ಲಿ ಪಲೊಂಬಾರೋ ಲುಂಗೋ ಎಂಬ ನೆಲತೊಟ್ಟಿಯಿದೆ. ಹದಿನೈದು ಮೀಟರಿಗೂ ಹೆಚ್ಚು ಆಳ, ಸುಮಾರು 50 ಲಕ್ಷ ಲೀಟರ್ ಹಿಡಿಯುವಷ್ಟು ದೊಡ್ಡದು. ಬಂಡೆಯನ್ನು ಕೊರೆದು, ನೀರು ಇಂಗದಂತೆ ಗಾರೆ ಮೆತ್ತಿದ್ದಾರೆ. ಗೋಡೆಯ ಮೇಲಿನ ಗುರುತುಗಳಿಂದ ನೀರು ಎಷ್ಟರವರೆಗೆ ನಿಲ್ಲುತ್ತಿತ್ತು ಎಂದು ಇಂದಿಗೂ ತಿಳಿಯುತ್ತದೆ. ಕೊಳಾಯಿ ನೀರು ಬಂದ ಮೇಲೆ ಇದು ಮರೆತೇ ಹೋಗಿ, 1991ರಲ್ಲಿ ಮತ್ತೆ ಬೆಳಕಿಗೆ ಬಂತು. ಮಳೆ ಕಡಿಮೆಯಿರುವ ಈ ಒಣ ಬೆಟ್ಟದಲ್ಲಿ ಊರೊಂದು ಸಾವಿರಾರು ವರ್ಷ ಉಳಿದದ್ದು ಹನಿ ಹನಿಯನ್ನೂ ಹಿಡಿದಿಟ್ಟ ಇಂಥ ಜಾಣ್ಮೆಯಿಂದಲೇ.

ಕಮರಿಯ ಎರಡೂ ಬದಿಗಳಲ್ಲಿ ಬಂಡೆಯಲ್ಲಿ ಕೊರೆದ ಚರ್ಚುಗಳು ನೂರಕ್ಕೂ ಹೆಚ್ಚಿವೆ. ಸಾಂತಾ ಮರೀಯಾ ದೆ ಇದ್ರಿಸ್, ಸಾಂತಾ ಲುಚೀಯಾ ಅಲ್ಲೆ ಮಾಲ್ವೆ ಊರೊಳಗೇ ಇವೆ. ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಸುಂದರವಾದ ಭಿತ್ತಿಚಿತ್ರಗಳಿರುವುದು ಊರ ಹೊರಗಿನ ‘ಆದಿಪಾಪದ ಗುಹೆ’ಯಲ್ಲಿ. ಅಲ್ಲಿನ ಕೆಂಪು ಹೂಗಳ ಚಿತ್ರಗಳು ಒಂದು ಸಾವಿರ ವರ್ಷಕ್ಕೂ ಹಿಂದಿನವು. ಮುಂಗಡ ಟಿಕೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ, ಹೋಗಲು ವಾಹನವೂ ಬೇಕು. ಆದರೂ ಬಿಡಬೇಡಿ.

ಇಷ್ಟೆಲ್ಲವನ್ನೂ ಒಂದು ಹಗಲಿನಲ್ಲಿ ತುರುಕಬಹುದಲ್ಲ ಎಂದು ಕೇಳಬಹುದು. ತುರುಕಬಹುದು, ಆದರೆ ಬಾರಿಯಿಂದ ಬರುವವರು ಮತೇರಾ ಮುಟ್ಟುವುದು ಬಿಸಿಲೇರಿದ ಮೇಲೆ, ಪ್ರವಾಸಿ ಬಸ್ಸುಗಳೂ ಅದೇ ಹೊತ್ತಿಗೆ ಬಂದು ಜನರನ್ನು ಇಳಿಸಿದಾಗ. ಮಧ್ಯಾಹ್ನ ಎಷ್ಟೋ ಚರ್ಚುಗಳು ಮುಚ್ಚಿರುತ್ತವೆ. ಬಿಳಿಕಲ್ಲಿನ ಮೇಲೆ ನೆತ್ತಿಯ ಬಿಸಿಲು ಬಿದ್ದರೆ ಕಣ್ಣು ಬಿಡಲಾಗದು, ಊರಿನ ಉಬ್ಬುತಗ್ಗುಗಳೂ ಕಾಣವು. ಸಾಸ್ಸಿ ಪೂರ್ವಕ್ಕೆ ಮುಖ ಮಾಡಿವೆ. ಕಮರಿಯ ಆಚೆ ದಂಡೆಯ ಮುರ್ಜಾ ತಿಮೋನೆ ಎಂಬಲ್ಲಿ ನಿಂತು ಎಳೆ ಬಿಸಿಲಿನಲ್ಲಿ ನೋಡಿದರೆ ಒಂದೊಂದು ಕಿಟಕಿಯೂ, ಒಂದೊಂದು ಗುಹೆಯ ಬಾಯಿಯೂ ಬಿಡಿಬಿಡಿಯಾಗಿ ಎದ್ದು ಕಾಣುತ್ತವೆ. ಇನ್ನು ರಾತ್ರಿ, ದಿನದ ಗದ್ದಲವೆಲ್ಲ ಇಳಿದು ಹೋದ ಮೇಲೆ, ಹಳದಿ ದೀಪಗಳಲ್ಲಿ ಮೆಟ್ಟಿಲು ಇಳಿದು ಹತ್ತುವುದು ಮತೇರಾ ಕೊಡುವ ದೊಡ್ಡ ಸುಖ. ಇವೆರಡೂ ಹಗಲು ಬಂದು ಹೋಗುವವರಿಗೆ ಸಿಗುವುದಿಲ್ಲ.

ಕಲ್ಲನ್ನು ಕುಸುರಿ ಮಾಡಿದ ಊರು

ಲೆಚ್ಚೆ ಇದಕ್ಕೆ ತದ್ವಿರುದ್ಧ. ಬೂಟಿನಂತೆ ಕಾಣುವ ಇಟಲಿಯ ಭೂಪಟದ ಹಿಮ್ಮಡಿಯಲ್ಲಿರುವ ಸಾಲೆಂತೋ ಎಂಬ ಸಮತಟ್ಟಾದ ನಾಡಿನಲ್ಲಿ, ಎರಡು ಸಮುದ್ರಗಳ ನಡುವೆ ಇದೆ. ಇಲ್ಲಿ ಕಮರಿಯಿಲ್ಲ, ಏರಿಳಿತವಿಲ್ಲ. ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಗೌರವಕ್ಕೆಂದು 1548ರಲ್ಲಿ ಕಟ್ಟಿದ ಪೋರ್ತಾ ನಾಪೊಲಿ ಬಾಗಿಲಿನಿಂದ ಒಳಗೆ ಹೊಕ್ಕು ಆಚೆ ಕಡೆಯ ಪೋರ್ತಾ ಸಾನ್ ಬಿಯಾಜೋದಿಂದ ಹೊರಬೀಳಲು ನಿಧಾನವಾಗಿ ನಡೆದರೂ ಅರ್ಧ ಗಂಟೆ ಸಾಕು. ಆದರೆ ಹಾಗೆ ಸೀದಾ ನಡೆಯಲು ಲೆಚ್ಚೆ ಬಿಡುವುದಿಲ್ಲ.

ಬಿಡದಿರುವುದು ಅದರ ಕಲ್ಲು. ಇಲ್ಲಿನ ಸುಣ್ಣಕಲ್ಲು ಜೇನಿನ ಬಣ್ಣದ್ದು, ಬೇಲೂರು ಹಳೇಬೀಡಿನ ಬಳಪದ ಕಲ್ಲಿನಂತೆ ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದು ಗಟ್ಟಿಯಾಗುವಂಥದ್ದು. ಹಾಗಾಗಿ ಇಲ್ಲೂ ಶಿಲ್ಪಿಗಳ ಕೈಗೆ ಅಂಕೆಯೇ ಇರಲಿಲ್ಲ. 16 ಮತ್ತು 17ನೆಯ ಶತಮಾನಗಳಲ್ಲಿ ಚರ್ಚು, ಮಠ, ಸಿರಿವಂತರ ಮನೆಯ ಬಾಲ್ಕನಿ ಎಂದು ಭೇದವಿಲ್ಲದೆ ಎಲ್ಲದರ ಮೇಲೂ ಹಣ್ಣು, ಹೂ, ದೇವದೂತರು, ವಿಕಾರ ಮುಖಗಳನ್ನು ಕೆತ್ತಿದರು. ಇದಕ್ಕೆ ಲೆಚ್ಚೆಯ ಬರೋಕ್ ಎಂದೇ ಹೆಸರು.

ಸಾಂತಾ ಕ್ರೋಚೆ ಬಸಿಲಿಕಾವನ್ನು ನೋಡಿದರೆ ಈ ಶೈಲಿಯ ಹುಟ್ಟು ಬೆಳವಣಿಗೆ ಎರಡೂ ತಿಳಿಯುತ್ತವೆ. 1549ರಲ್ಲಿ ಗಾಬ್ರಿಯೆಲೆ ರಿಕ್ಕಾರ್ದಿಯ ಕೈಯಲ್ಲಿ ಶುರುವಾದ ಕೆಲಸ ಪೂರ್ತಿಯಾಗಿ ಮುಗಿದದ್ದು 1695ರಲ್ಲಿ. ಎದುರಿಗೆ ನಿಂತು ಕಣ್ಣನ್ನು ಕೆಳಗಿನಿಂದ ಮೇಲಕ್ಕೆ ಒಯ್ಯಿರಿ. ಕೆಳ ಅಂತಸ್ತಿನ ಕಂಬಗಳು ಸಂಯಮದಿಂದಿವೆ. ಅದರ ಮೇಲೆ ಉದ್ದನೆಯ ಕಟಕಟೆ. ಅದನ್ನು ಬೆನ್ನ ಮೇಲೆ ಹೊತ್ತವರ ಸಾಲು ನೋಡಿ. ಸಿಂಹ, ಗರುಡಮುಖದ ಮೃಗ, ನಡುನಡುವೆ ಮಂಡಿಯೂರಿದ ಮನುಷ್ಯರು. ಅವರಲ್ಲಿ ರುಮಾಲು ಸುತ್ತಿದವರನ್ನು 1571ರ ಲೆಪಾಂತೋ ಸಮುದ್ರ ಯುದ್ಧದಲ್ಲಿ ಸೆರೆಸಿಕ್ಕ ತುರ್ಕರು ಎಂದು ಗುರುತಿಸುತ್ತಾರೆ. ಇನ್ನೂ ಮೇಲಕ್ಕೆ ಹೋದರೆ ಗುಲಾಬಿ ಕಿಟಕಿ, ಅದರ ಸುತ್ತ ಖಾಲಿ ಜಾಗವೇ ಉಳಿಯದಷ್ಟು ಕೆತ್ತನೆ. ಆ ಮೇಲಿನ ಭಾಗದಲ್ಲಿ ದುಡಿದವರು ಜುಸೆಪ್ಪೆ ಜಿಂಬಾಲೋ ಮತ್ತು ಚೆಸಾರೆ ಪೆನ್ನಾ. ತಲೆಮಾರು ಕಳೆದಂತೆ ಕೈ ಹೇಗೆ ಸಡಿಲಾಯಿತು, ಧೈರ್ಯ ಹೇಗೆ ಹೆಚ್ಚಿತು ಎಂಬುದನ್ನು ಒಂದೇ ಗೋಡೆಯಲ್ಲಿ ಓದಬಹುದು. ಸಂಜೆಯ ಓರೆ ಬಿಸಿಲು ಬಿದ್ದಾಗ ಕಲ್ಲಿನ ಬಣ್ಣ ಮಾಗುತ್ತದೆ. ಆ ಹೊತ್ತಿಗೆ ಓಣಿಗಳಲ್ಲಿ ಊರಿನವರೂ ತಿರುಗಾಡಲು ಹೊರಬಂದಿರುತ್ತಾರೆ.

ದುವೊಮೋ ಎಂದರೆ ಊರಿನ ಕೆಥೆಡ್ರಲ್. ಅದರ ಚೌಕಕ್ಕೆ ಒಂದೇ ಒಂದು ಪ್ರವೇಶ. ಇಕ್ಕಟ್ಟಾದ ಬೀದಿಯಿಂದ ತಿರುಗಿದೊಡನೆ ಇಡೀ ಅಂಗಳ ತೆರೆದುಕೊಳ್ಳುತ್ತದೆ. ಎಡಕ್ಕೆ 70 ಮೀಟರಿನಷ್ಟು ಎತ್ತರದ ಗಂಟೆಗೋಪುರ, ಅದೂ ಜುಸೆಪ್ಪೆ ಜಿಂಬಾಲೋನದೇ. ಸಾಂತ್ ಒರೊಂತ್ಸೋ ಚೌಕದಲ್ಲಿ ರೋಮನರ ಕಾಲದ ಅಂಡಾಕಾರದ ಕ್ರೀಡಾರಂಗವಿದೆ. 1901ರಲ್ಲಿ ಬ್ಯಾಂಕ್ ಕಟ್ಟಡಕ್ಕೆಂದು ಪಾಯ ಅಗೆದಾಗ ಅದು ಸಿಕ್ಕಿತು. ಒಂದು ಭಾಗ ಮಾತ್ರ ತೆಗೆದಿದ್ದಾರೆ, ಉಳಿದದ್ದು ಇಂದಿಗೂ ಚೌಕದ, ಕಟ್ಟಡಗಳ ಅಡಿಯಲ್ಲಿದೆ. ಪಕ್ಕದಲ್ಲಿ ನಿಂತ ಕಂಬ ಬ್ರಿಂಡಿಸಿಯಿಂದ ಬಂದದ್ದು. ರೋಮಿನಿಂದ ಹೊರಟ ಅಪ್ಪಿಯಾ ಹೆದ್ದಾರಿ ಕೊನೆಗೊಳ್ಳುವ ಕಡೆ ನಿಂತಿದ್ದ ಜೋಡಿ ಕಂಬಗಳಲ್ಲಿ ಒಂದು ಉರುಳಿಬಿತ್ತು. ಪ್ಲೇಗ್ ಮಾರಿಯಿಂದ ಕಾಪಾಡಿದ ಸಂತ ಒರೊಂತ್ಸೋನಿಗೆ ಕೃತಜ್ಞತೆಯೆಂದು ಬ್ರಿಂಡಿಸಿಯವರು ಆ ತುಂಡುಗಳನ್ನು 17ನೆಯ ಶತಮಾನದಲ್ಲಿ ಲೆಚ್ಚೆಗೆ ಕೊಟ್ಟರು.

ಮುಖ್ಯ ಚರ್ಚುಗಳಿಗೆ ಟಿಕೆಟ್ ಇದೆ, ಹಲವನ್ನು ಸೇರಿಸಿದ ಒಂದೇ ಟಿಕೆಟ್ ಕೊಳ್ಳುವುದು ಲೇಸು.

ಕಾಗದದ ತೇರು, ಕಾಗದದ ಸಂತರು

ಎರಡು ಊರುಗಳ ಗುಣ ತಿಳಿಯಲು ನನಗೆ ತುಂಬ ಇಷ್ಟವಾದ ದಾರಿಯೊಂದಿದೆ: ನೆನೆಸಿದ ಕಾಗದ ಮತ್ತು ಅಂಟಿನಿಂದ ಬೊಂಬೆ ಮಾಡುವ ಕಾರ್ತಪೆಸ್ತಾ ಕಸುಬು. ಎರಡೂ ಕಡೆ ಅದು ಜೀವಂತವಾಗಿದೆ. ಲೆಚ್ಚೆಯಲ್ಲಿ ಅದರಿಂದ ಸಂತರ ಮೂರ್ತಿಗಳನ್ನು ಮಾಡುತ್ತಾರೆ. ತಂತಿ ಮತ್ತು ಹುಲ್ಲಿನ ಹಂದರಕ್ಕೆ ಕಾಗದದ ಪದರಗಳನ್ನು ಮೆತ್ತಿ, ಒಣಗಿದ ಮೇಲೆ ಕೆಂಡದಲ್ಲಿ ಕಾಸಿದ ಕಬ್ಬಿಣದ ಸಲಾಕೆಯಿಂದ ಬಟ್ಟೆಯ ನಿರಿಗೆಗಳನ್ನು ತೀಡುತ್ತಾರೆ. ಬಡ ಚರ್ಚುಗಳಿಗೆ ಅಮೃತಶಿಲೆ ಎಟುಕದಿದ್ದ ಕಾಲದಲ್ಲಿ ಬೆಳೆದ ಕಲೆ ಇದು. ಹಳೆಯ ಊರಿನ ಓಣಿಗಳಲ್ಲಿ ಕಾರ್ಯಾಗಾರಗಳ ಬಾಗಿಲು ತೆರೆದಿರುತ್ತದೆ, ನಿಂತು ನೋಡಿದರೆ ಯಾರೂ ಬೇಡ ಎನ್ನುವುದಿಲ್ಲ. ಡಿಸೆಂಬರ್‌ನಲ್ಲಿ ಗೋದಲಿಯ ಬೊಂಬೆಗಳದೇ ಸಂತೆ ನೆರೆಯುತ್ತದೆ.

ಮತೇರಾದಲ್ಲಿ ಅದೇ ಕಾಗದದಿಂದ ಪ್ರತಿ ವರ್ಷ ಒಂದು ಹೊಸ ತೇರು ತಯಾರಾಗುತ್ತದೆ. ತಿಂಗಳುಗಟ್ಟಲೆ ದುಡಿದು ಮಾಡಿದ ತೇರು. ಜುಲೈ 2ರಂದು ಊರಿನ ದೇವಿ ಮದೊನ್ನಾ ದೆಲ್ಲಾ ಬ್ರೂನಾಳ ಉತ್ಸವ. ನಸುಕಿನಲ್ಲೇ ಕುರುಬರ ಮೆರವಣಿಗೆ, ಸಂಜೆ ತೇರಿನ ಮೇಲೆ ದೇವಿಯ ಸವಾರಿ. ದೇವಿಯನ್ನು ಕೆಥೆಡ್ರಲ್ಲಿಗೆ ಮುಟ್ಟಿಸಿದ ಮೇಲೆ ರಾತ್ರಿ ಜನ ತೇರಿನ ಮೇಲೆ ಮುಗಿಬಿದ್ದು ಅದನ್ನು ಚೂರುಚೂರು ಮಾಡುತ್ತಾರೆ. ಕೈಗೆ ಸಿಕ್ಕ ತುಂಡು ಮನೆಗೆ ಶುಭ. ಮರುದಿನದಿಂದ ಮುಂದಿನ ವರ್ಷದ ತೇರಿನ ಮಾತು. ಜನಜಂಗುಳಿಗೆ ಅಂಜದವರು ಜುಲೈ 2ಕ್ಕೆ ಮತೇರಾದಲ್ಲಿರುವಂತೆ ಪ್ರವಾಸ ಹೊಂದಿಸಿಕೊಳ್ಳಬಹುದು, ಆದರೆ ಕೋಣೆಯನ್ನು ಬಹಳ ಮೊದಲೇ ಕಾದಿರಿಸಬೇಕು. ಲೆಚ್ಚೆಯ ಸಂತನ ಹಬ್ಬ ಆಗಸ್ಟ್ 24ರಿಂದ 26. ಬೀದಿತುಂಬ ದೀಪಾಲಂಕಾರ, ಬ್ಯಾಂಡು, ತಿಂಡಿ ಅಂಗಡಿಗಳು. ಮಕ್ಕಳೊಂದಿಗೆ ನೆಮ್ಮದಿಯಾಗಿ ನೋಡಬಹುದಾದ ಹಬ್ಬ.

ಮೆಟ್ಟಿಲು ಮತ್ತು ಮೊಣಕಾಲು

ಇಲ್ಲಿ ಹೋಲಿಕೆಗೆ ಅವಕಾಶವೇ ಇಲ್ಲ. ಮತೇರಾದ ಸಾಸ್ಸಿ ಎಂದರೆ ಮೆಟ್ಟಿಲು, ಮತ್ತೆ ಮೆಟ್ಟಿಲು, ಅದೂ ಸವೆದು ನುಣುಪಾದ ಕಲ್ಲಿನವು. ಎಷ್ಟೋ ಕಡೆ ಕಂಬಿಯಿಲ್ಲ. ಮಳೆ ಬಿದ್ದರೆ ಜಾರುತ್ತವೆ. ಮಂಡಿನೋವಿನವರಿಗೆ, ಗಾಲಿಕುರ್ಚಿಯವರಿಗೆ, ಕೈಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡವರಿಗೆ ಇದು ಕಷ್ಟದ ಊರು. ಮೇಲಿನ ಹೊಸ ಊರಿನ ವಿಯಾ ರಿದೋಲಾ ಬೀದಿ ಮಟ್ಟಸವಾಗಿದೆ; ಅದರ ಅಂಚಿನಿಂದ ಸಾಸ್ಸಿಯ ನೋಟ ಚೆನ್ನಾಗಿಯೇ ಕಾಣುತ್ತದೆ. ಆದರೆ ಬರೀ ಮೇಲಿಂದ ನೋಡಿ ಬರಲು ಅಷ್ಟು ದೂರ ಹೋಗಬೇಕೇ? ಅಂಥವರಿಗೆ ಲೆಚ್ಚೆಯೇ ಸುಖ. ನಡೆದಷ್ಟು ನಡೆದು, ಸಾಕಾದಲ್ಲಿ ಕುಳಿತು, ಮತ್ತೆ ಎದ್ದು ಹೊರಡಬಹುದು.

ಗುಹೆಯೊಳಗಿನ ಹೋಟೆಲ್ ಕೋಣೆಯಲ್ಲಿ ಉಳಿಯಬೇಕೆಂಬ ಆಸೆ ಮತೇರಾಕ್ಕೆ ಹೊರಟ ಎಲ್ಲರಿಗೂ ಇರುತ್ತದೆ. ಉಳಿಯಿರಿ, ಆದರೆ ಕಾದಿರಿಸುವ ಮೊದಲು ಮೂರು ಸಂಗತಿ ಕೇಳಿ. ಕೋಣೆಗೆ ಕಿಟಕಿ ಇದೆಯೇ? ವಾಹನ ನಿಲ್ಲುವ ಜಾಗದಿಂದ ಎಷ್ಟು ಮೆಟ್ಟಿಲು? ಸೂಟ್‌ಕೇಸ್ ಹೊರಲು ಯಾರಾದರೂ ಬರುತ್ತಾರೆಯೇ? ಬಂಡೆಯ ಕೋಣೆಯಲ್ಲಿ ತೇವ ಸಹಜ. ಉಬ್ಬಸದ ತೊಂದರೆಯಿರುವವರು ಕಟ್ಟಿದ ಕೋಣೆಯನ್ನೇ ಕೇಳಿ ಪಡೆಯುವುದು ಕ್ಷೇಮ. ಬಾಡಿಗೆಯೂ ಲೆಚ್ಚೆಗಿಂತ ತುಸು ಹೆಚ್ಚೇ. ಲೆಚ್ಚೆಯಲ್ಲಿ ಹಳೆಯ ಮನೆಗಳ ಎತ್ತರದ ಕಮಾನು ಚಾವಣಿಯ ಕೋಣೆಗಳು ಸಿಗುತ್ತವೆ, ಮನಸ್ಸಿಗೂ ಮೈಗೂ ಹಿತ.

ಸಸ್ಯಾಹಾರಿಗಳ ಊಟ

ನಮ್ಮವರಲ್ಲಿ ಅನೇಕರಿಗೆ ಇದು ಮೊದಲ ಪ್ರಶ್ನೆ. ನೆಮ್ಮದಿಯ ಸಂಗತಿಯೆಂದರೆ ಈ ಭಾಗದ ಹಳೆಯ ಊಟ ಬಡವರ ಊಟ, ಕಾಳು, ಸೊಪ್ಪು, ಗೋಧಿಯದು. ಲೆಚ್ಚೆಯಲ್ಲಿ ಚಿಚೆರಿ ಎ ತ್ರಿಯಾ ಕೇಳಿ: ಕಡಲೆಕಾಳಿನೊಂದಿಗೆ ಅಗಲ ಪಾಸ್ತಾ, ಅದರಲ್ಲಿ ಒಂದು ಪಾಲನ್ನು ಎಣ್ಣೆಯಲ್ಲಿ ಗರಿಗರಿಯಾಗಿ ಕರಿದಿರುತ್ತಾರೆ. ಫಾವಾ ಕಾಳನ್ನು ನುಣ್ಣಗೆ ಬೇಯಿಸಿ, ಕಹಿ ಚಿಕೋರಿ ಸೊಪ್ಪು ಬಡಿಸಿ, ಮೇಲೆ ಆಲಿವ್ ಎಣ್ಣೆ ಸುರಿದು ಕೊಡುವ ತಿನಿಸು ಎರಡೂ ಊರುಗಳಲ್ಲಿ ಸಿಗುತ್ತದೆ. ಮತೇರಾದ್ದೇ ಎಂದರೆ ಕ್ರಾಪಿಯಾತಾ, ಹತ್ತಾರು ಕಾಳು ಗೋಧಿ ಸೇರಿಸಿ ಬೇಯಿಸಿದ ಸಾರು. ಒಣಗಿಸಿ ಎಣ್ಣೆಯಲ್ಲಿ ಕರಿದ ಕೆಂಪು ಮೆಣಸಿನಕಾಯಿ, ಪೆಪೆರೋನಿ ಕ್ರುಸ್ಕಿ, ನೋಡಲು ನಮ್ಮ ಬಾಳಕದ ಮೆಣಸಿನಕಾಯಿಯ ಬಂಧು, ಆದರೆ ಖಾರವಿಲ್ಲ.

ಮತೇರಾದ ರೊಟ್ಟಿ, ಎಂದರೆ ಬ್ರೆಡ್ಡು, ಪ್ರಸಿದ್ಧ. ಗಟ್ಟಿ ಗೋಧಿಯ ರವೆಯನ್ನು ಮತ್ತೊಮ್ಮೆ ಬೀಸಿದ ಹಳದಿ ಹಿಟ್ಟಿನದು, ಹೊರಗೆ ದಪ್ಪ ಸಿಪ್ಪೆ, ಒಂದು ವಾರ ಕೆಡುವುದಿಲ್ಲ. ಹಿಂದೆ ಮನೆಯಲ್ಲಿ ನಾದಿದ ಹಿಟ್ಟನ್ನು ಕೇರಿಯ ಒಲೆಗೆ ಒಯ್ದು ಸುಡಿಸುತ್ತಿದ್ದರು. ಯಾರ ರೊಟ್ಟಿ ಯಾರದೆಂದು ಗೊತ್ತಾಗಲು ಪ್ರತಿ ಮನೆಗೂ ಒಂದು ಮರದ ಮುದ್ರೆ. ಮನೆಯ ಹೆಸರಿನ ಮೊದಲ ಅಕ್ಷರ ಕೆಳಗೆ, ಹಿಡಿಯಲ್ಲಿ ಹುಂಜವೋ ಮನುಷ್ಯನೋ ಕೆತ್ತಿದ್ದು. ಈಗಲೂ ಅಂಗಡಿಗಳಲ್ಲಿ ಸಿಗುತ್ತವೆ.

ಎಚ್ಚರಿಕೆಯ ಮಾತು: ಲೆಚ್ಚೆಯ ಬೆಳಗಿನ ತಿನಿಸು ಪಾಸ್ತಿಚ್ಚೊತ್ತೋ, ಒಳಗೆ ಕಸ್ಟರ್ಡ್ ತುಂಬಿದ ಬಿಸಿ ಬಿಸಿ ಕಡುಬು, ಮೊಟ್ಟೆ ಇದ್ದೇ ಇರುತ್ತದೆ. ಹೊರ ಹಿಟ್ಟನ್ನು ಸಾಂಪ್ರದಾಯಿಕವಾಗಿ ಹಂದಿ ಕೊಬ್ಬಿನಲ್ಲಿ ಕಲಸುತ್ತಾರೆ. ಬೆಣ್ಣೆಯಲ್ಲಿ ಮಾಡುವವರೂ ಇದ್ದಾರೆ. ‘ಸೆಂತ್ಸಾ ಸ್ತ್ರುತ್ತೋ’ ಎಂದರೆ ಹಂದಿ ಕೊಬ್ಬಿಲ್ಲದ್ದು. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಸೊಪ್ಪಿನ ಒರೆಕ್ಕಿಯೆತ್ತೆ ಪಾಸ್ತಾಕ್ಕೆ ಸಣ್ಣ ಮೀನು ಸೇರಿಸುವ ರೂಢಿಯಿದೆ, ಅದಕ್ಕೆ ‘ಸೆಂತ್ಸಾ ಅಚ್ಚೂಗೆ’. ಪೆಕೊರಿನೋದಂಥ ಹಳೆಯ ಚೀಸ್‌ಗಳಿಗೆ ಪ್ರಾಣಿಯ ಜಠರದ ಹೆಪ್ಪು ಹಾಕುತ್ತಾರೆ ಎಂಬುದೂ ಗೊತ್ತಿರಲಿ. ಚಿಂತೆಯಿಲ್ಲದೆ ಕುಡಿಯಬಹುದಾದದ್ದು ಲೆಚ್ಚೆಯ ಕಾಫಿ: ಮಂಜುಗಡ್ಡೆಯ ಮೇಲೆ ಗಟ್ಟಿ ಕಾಫಿ ಸುರಿದು, ಬಾದಾಮಿ ಹಾಲಿನ ಪಾಕ ಬೆರೆಸಿದ್ದು. ಬೇಸಿಗೆಯ ಮಧ್ಯಾಹ್ನಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ.

ಯಾವಾಗ, ಹೇಗೆ

ಏಪ್ರಿಲ್‌ನಿಂದ ಜೂನ್ ನಡುವಿನವರೆಗೆ, ಮತ್ತೆ ಸೆಪ್ಟೆಂಬರ್, ಅಕ್ಟೋಬರ್ ಎರಡಕ್ಕೂ ಒಳ್ಳೆಯ ಕಾಲ. ಆಗಸ್ಟ್ ಬೇಡ, ಬಿಸಿಲು ಸುಡುತ್ತದೆ, ಇಟಲಿಯವರಿಗೂ ಆಗಲೇ ರಜೆ. ಚಳಿಗಾಲದಲ್ಲಿ ಹೋಗುವವರಿಗೆ ಲೆಚ್ಚೆ ಮೇಲು. ಮತೇರಾ 400 ಮೀಟರ್ ಎತ್ತರದಲ್ಲಿದ್ದು, ಕೆಲವೊಮ್ಮೆ ಹಿಮವೂ ಬೀಳುತ್ತದೆ.

ಲೆಚ್ಚೆಗೆ ರಾಷ್ಟ್ರೀಯ ರೈಲಿನ ಮುಖ್ಯ ಮಾರ್ಗವಿದೆ, ಬಾರಿಯಿಂದ ಒಂದೂವರೆ ಎರಡು ಗಂಟೆ, ರೋಮಿನಿಂದಲೂ ನೇರ ಬಂಡಿಗಳಿವೆ. ಬ್ರಿಂಡಿಸಿ ವಿಮಾನ ನಿಲ್ದಾಣ ಸುಮಾರು 40 ಕಿಲೋಮೀಟರ್. ಅಲ್ಲೇ ಬೀಡುಬಿಟ್ಟರೆ ಒತ್ರಾಂತೋಗೂ ಹೋಗಿ ಬರಬಹುದು. ಅಲ್ಲಿನ ಕೆಥೆಡ್ರಲ್ಲಿನ ನೆಲದ ತುಂಬ 1160ರ ದಶಕದಲ್ಲಿ ಪಾಂತಾಲಿಯೋನೆ ಎಂಬ ಸನ್ಯಾಸಿ ಹಾಸಿದ ಬಣ್ಣದ ಕಲ್ಲಿನ ಚಿತ್ರಗಳಿವೆ. ಮತೇರಾಕ್ಕೆ ಬಾರಿಯಿಂದ ಹೋಗುವುದು ಬೇರೆಯೇ ಕಂಪನಿಯ ಸಣ್ಣ ಗೇಜಿನ ರೈಲು, ಅದರ ನಿಲ್ದಾಣವೂ ಮುಖ್ಯ ನಿಲ್ದಾಣದ ಪಕ್ಕದಲ್ಲಿ ಪ್ರತ್ಯೇಕವಾಗಿದೆ. ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ, ಕೆಲವು ಬಂಡಿಗಳಲ್ಲಿ ಆಲ್ತಮೂರಾದಲ್ಲಿ ಬದಲಾಯಿಸಬೇಕು. ಭಾನುವಾರ ರೈಲಿನ ಬದಲು ಬಸ್ಸನ್ನು ನೆಚ್ಚಬೇಕಾಗಬಹುದು, ವೇಳಾಪಟ್ಟಿ ನೋಡಿಯೇ ಹೊರಡಿ. ಕಾರಿನಲ್ಲಿ ಹೋಗುವವರು ಎರಡೂ ಊರುಗಳ ಹಳೆಯ ಭಾಗಕ್ಕೆ ನುಗ್ಗಬಾರದು. ಅಲ್ಲಿ ಹೊರಗಿನ ವಾಹನಗಳಿಗೆ ನಿರ್ಬಂಧವಿದೆ, ಕ್ಯಾಮೆರಾ ಸಂಖ್ಯೆ ಹಿಡಿದು ದಂಡದ ಚೀಟಿ ಬಾಡಿಗೆ ಕಂಪನಿಯ ಮೂಲಕ ಊರಿಗೇ ಬರುತ್ತದೆ.

ನಾಲ್ಕು ರಾತ್ರಿಗಳಿದ್ದರೆ ಎರಡನ್ನೂ ಸೇರಿಸಿಕೊಳ್ಳಿ. ಮತೇರಾದಿಂದ ಲೆಚ್ಚೆಗೆ ನೇರ ರೈಲಿಲ್ಲ, ಬಾರಿಗೆ ಬಂದೇ ಹೋಗಬೇಕು, ಅರ್ಧ ದಿನ ದಾರಿಗೆ ಹೋಗುತ್ತದೆ. ಮೊದಲೆರಡು ರಾತ್ರಿ ಮತೇರಾ, ಆಮೇಲೆರಡು ಲೆಚ್ಚೆ ಎಂದು ಇಟ್ಟುಕೊಳ್ಳಿ. ಕಾಲು ದಣಿಯದಿರುವಾಗ ಮೆಟ್ಟಿಲು ಹತ್ತಿ ಮುಗಿಸುವುದು ಒಳ್ಳೆಯದು. ಮರಳಿ ವಿಮಾನ ಹಿಡಿಯಲು ಲೆಚ್ಚೆಯಿಂದ ಬ್ರಿಂಡಿಸಿಯೂ ಹತ್ತಿರ.